ಮಾದರಿಯ ಕೆರೆಗೆ ನೀಲಿ ಹಾಳೆ ಸಾಕೇ?

ವಸತಿ ಸಮುಚ್ಚಯವೊಂದರ ಮಾರಾಟ ಕಚೇರಿಗೆ ಕಾಲಿಟ್ಟ ಗ್ರಾಹಕನಿಗೆ ಮೊದಲು ಎದುರಾಗುವುದು ಗಾಜಿನ ಪೆಟ್ಟಿಗೆಯೊಳಗಿನ ಪ್ರಮಾಣಬದ್ಧ ಮಾದರಿ. ಕಿಟಕಿಗಳಲ್ಲಿ ಪುಟ್ಟ ದೀಪಗಳು ಉರಿಯುತ್ತಿರುತ್ತವೆ. ಬಾಲ್ಕನಿಯ ಕಂಬಿಗಳನ್ನು ಲೇಸರ್ ಯಂತ್ರದಿಂದ ಕಡ್ಡಿಗಿಂತ ತೆಳ್ಳಗೆ ಕತ್ತರಿಸಿರುತ್ತಾರೆ. ರಸ್ತೆಯ ಮೇಲೆ ಕಾರುಗಳು, ಕಾಲುಹಾದಿಯಲ್ಲಿ ಬೆರಳುಗುರಿನಷ್ಟು ಎತ್ತರದ ಮನುಷ್ಯರು. ಇಷ್ಟೆಲ್ಲ ಶ್ರಮದ ಪಕ್ಕದಲ್ಲಿಯೇ ಒಂದು ಮೂಲೆಯಲ್ಲಿ ಕೆರೆಯೂ ಇರುತ್ತದೆ. ಅದು ಮಾತ್ರ ಅಂಗಡಿಯಿಂದ ತಂದು ಕತ್ತರಿಸಿ ಅಂಟಿಸಿದ ನೀಲಿ ಅಕ್ರಿಲಿಕ್ ಹಾಳೆಯ ತುಂಡು. ಕೆರೆಗೆ ಏರಿಯಿಲ್ಲ, ತೂಬಿಲ್ಲ, ಕೋಡಿಯಿಲ್ಲ. ಅಂಚಿನಲ್ಲಿ ಜೊಂಡಿನ ಒಂದು ಎಸಳೂ ಇಲ್ಲ.

ಕೈಗಾರಿಕಾ ವಸ್ತುಪ್ರದರ್ಶನಗಳಲ್ಲಿ, ನೀರಾವರಿ ಯೋಜನೆಗಳ ಮಳಿಗೆಗಳಲ್ಲಿ, ಶಾಲಾ ವಿಜ್ಞಾನ ಮೇಳಗಳಲ್ಲಿ ಕಾಣುವುದೂ ಬಹುಮಟ್ಟಿಗೆ ಇದೇ ನೀಲಿ. ಮಾದರಿ ತಯಾರಿಕೆಯ ವೃತ್ತಿಯಲ್ಲಿ ಅತ್ಯಂತ ಹೆಚ್ಚು ಕಾಲವನ್ನು ಬೇಡುವ ವಸ್ತು ನೀರು. ಅತ್ಯಂತ ಕಡಿಮೆ ಬೆಲೆ ಪಡೆಯುವ ವಸ್ತುವೂ ಅದೇ. ಈ ವ್ಯತ್ಯಾಸದಿಂದ ಕಾರ್ಯಾಗಾರಕ್ಕೆ ಎಷ್ಟು ನಷ್ಟವೋ, ಮಾದರಿಯನ್ನು ಕೊಳ್ಳುವ ಉದ್ಯಮಿಗೂ ಅಷ್ಟೇ ನಷ್ಟ. ಆದರೂ ಎರಡು ಪಕ್ಷದವರೂ ಇದನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ನೀರನ್ನು ತೋರಿಸಬೇಕಾದಲ್ಲಿ ನೀರನ್ನೇ ತುಂಬಿದರಾಗದೇ ಎಂಬ ಪ್ರಶ್ನೆ ಸಹಜವಾದದ್ದು. ಉತ್ತರವನ್ನು ಜೋಗದ ಲೆಕ್ಕದಿಂದಲೇ ಪಡೆಯಬಹುದು. ಶರಾವತಿ ಅಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೂ ಮೇಲಿನಿಂದ ಹೊರಟ ನೀರು ತಳ ಮುಟ್ಟಲು ಏಳು ಸೆಕೆಂಡುಗಳಿಗೂ ತುಸು ಹೆಚ್ಚು ಕಾಲ ಬೇಕು. 1:500 ಪ್ರಮಾಣದ ಮಾದರಿಯಲ್ಲಿ ಇದೇ ಜಲಪಾತ ಸುಮಾರು ಅರ್ಧ ಮೀಟರ್ ಎತ್ತರದ್ದಾಗುತ್ತದೆ. ಅಲ್ಲಿ ಪಂಪು ಜೋಡಿಸಿ ನಿಜವಾದ ನೀರನ್ನೇ ಬಿಟ್ಟರೆ, ಅದು ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಕೆಳಗಿರುತ್ತದೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ನಲ್ಲಿಯಿಂದ ಸುರಿದ ನೀರಿನಂತೆ ಕಾಣುತ್ತವೆ. ಬಂಡೆಯನ್ನು ಕುಗ್ಗಿಸಬಹುದು, ಮರವನ್ನು ಕುಗ್ಗಿಸಬಹುದು. ನೀರಿನ ಹನಿಯನ್ನು ಕುಗ್ಗಿಸಲಾಗದು. ಮೂರು ಮಿಲಿಮೀಟರಿನ ಹನಿ 1:100ರ ಮಾದರಿಯಲ್ಲಿ ಒಂದಡಿ ಗಾತ್ರದ ಗೋಳವಾಗಿ ತೋರುತ್ತದೆ.

ನಿಜವಾದ ನೀರನ್ನೇ ಬಳಸುವ ಮಾದರಿಗಳು ಇಲ್ಲವೆಂದಲ್ಲ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿಯೂ, 1916ರಲ್ಲಿ ಸ್ಥಾಪನೆಗೊಂಡು ಈಗ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿಯೂ ಅಣೆಕಟ್ಟುಗಳ ಮಾದರಿಗಳ ಮೇಲೆ ನೀರು ಹರಿಸಿ ಅಧ್ಯಯನ ಮಾಡುವ ಪರಂಪರೆಯಿದೆ. ಆದರೆ ಅಲ್ಲಿನ ಎಂಜಿನಿಯರುಗಳು ಕಾಲವನ್ನೂ ಪ್ರಮಾಣಕ್ಕೆ ತಕ್ಕಂತೆ ಕುಗ್ಗಿಸಿಕೊಂಡೇ ಅಳೆಯುತ್ತಾರೆ. 1:100ರ ಮಾದರಿಯಲ್ಲಿ ಒಂದು ಗಂಟೆಯ ಪ್ರವಾಹ ಆರು ನಿಮಿಷಗಳಲ್ಲಿ ಮುಗಿಯುತ್ತದೆ. ಅದು ಅಳತೆಗಾಗಿ ಇರುವ ನೀರು, ನೋಟಕ್ಕಾಗಿ ಇರುವುದಲ್ಲ. ನೋಟಕ್ಕೆ ಬೇಕಾದುದು ನಿಂತ ನೀರು. ಹರಿಯುತ್ತಿದ್ದ ಒಂದು ಕ್ಷಣದಲ್ಲಿ ಹಾಗೆಯೇ ನಿಂತಂತೆ ತೋರುವ ನೀರು.

ಇಂತಹ ನೀರನ್ನು ಸೃಷ್ಟಿಸುವ ಆಸೆ ಹೊಸದಲ್ಲ. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಉಡುಪನ್ನು ಎತ್ತಿಕೊಂಡನು, ನೀರನ್ನು ನೆಲವೆಂದು ತಿಳಿದು ಬಿದ್ದನು. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳ ಮುಂದೆ ಒಂದು ಕನ್ನಡಿಯನ್ನು ಮಲಗಿಸಿ, ಸುತ್ತ ಮರಳು ಹರಡಿ, ಮೊಳಕೆಯೊಡೆದ ರಾಗಿಯ ಪೈರನ್ನಿಟ್ಟು ಕೊಳ ಮಾಡುವ ರೂಢಿಯಿದೆ. ಮಾರಾಟ ಕಚೇರಿಯ ನೀಲಿ ಹಾಳೆಗಿಂತ ಆ ಕನ್ನಡಿಯೇ ನೀರಿಗೆ ಹತ್ತಿರವೆಂದರೆ ತಪ್ಪಾಗಲಾರದು. ಏಕೆಂದರೆ ನೀರಿಗೆ ತನ್ನದೆಂಬ ಬಣ್ಣ ಅತ್ಯಲ್ಪ. ಶುದ್ಧ ಜಲ ಕೆಂಪು ಬೆಳಕನ್ನು ತುಸು ಹೀರಿಕೊಳ್ಳುವುದರಿಂದ ಬಹಳ ಆಳದಲ್ಲಿ ಮಾತ್ರ ನೀಲಿಯಾಗಿ ಕಾಣುತ್ತದೆ. ಕೆರೆ, ಹೊಳೆಗಳ ಆಳದಲ್ಲಿ ಕಣ್ಣಿಗೆ ಬೀಳುವುದು ಮೂರು ಸಂಗತಿಗಳು: ತಳದ ಮಣ್ಣು, ನೀರಿನಲ್ಲಿ ತೇಲುವ ಹೂಳು ಅಥವಾ ಪಾಚಿ, ಮೇಲ್ಮೈಯಲ್ಲಿ ಪ್ರತಿಫಲಿಸುವ ಆಕಾಶ. ಕನ್ನಡಿಯಲ್ಲಿ ಈ ಮೂರನೆಯದಾದರೂ ಇದೆ. ನೀಲಿ ಹಾಳೆಯಲ್ಲಿ ಒಂದೂ ಇಲ್ಲ. ಮಾದರಿಯಲ್ಲಿ ನೀಲಿ ಒಪ್ಪುವ ಜಾಗ ಒಂದೇ, ಅದು ಈಜುಕೊಳ. ಅಲ್ಲಿಯೂ ಆ ಬಣ್ಣ ತಳಕ್ಕೆ ಹಾಸಿದ ಟೈಲ್ಸ್‌ನದು.

ಆದ್ದರಿಂದ ಬಲ್ಲ ಕುಶಲಕರ್ಮಿ ನೀರನ್ನು ಮೇಲಿನಿಂದಲ್ಲ, ತಳದಿಂದ ಆರಂಭಿಸುತ್ತಾನೆ. ದಡದ ಬಳಿ ಮಣ್ಣಿನ ಬಣ್ಣ, ಅಲ್ಲಿಂದ ಒಳಕ್ಕೆ ಕಂದುಮಿಶ್ರಿತ ಹಸಿರು, ನಡುವಿನ ಆಳಕ್ಕೆ ಕಪ್ಪಿಗೆ ತಿರುಗುವ ಹಸಿರು. ಒಂದರಿಂದ ಇನ್ನೊಂದಕ್ಕೆ ಗೆರೆ ಕಾಣದಂತೆ ಬಣ್ಣ ಸೇರಿಸುವುದೇ ಅರ್ಧ ಕೆಲಸ. ಹಳೆಯ ಕಾಲದಲ್ಲಿ ಇದರ ಮೇಲೆ ವಾರ್ನಿಷ್ ಬಳಿದು ಮುಗಿಸುತ್ತಿದ್ದರು. ಈಗ ಪಾರದರ್ಶಕ ರೆಸಿನ್ ಬಂದಿದೆ. ಬಣ್ಣವಿಲ್ಲದ ಈ ದ್ರವ ಗಟ್ಟಿಯಾದ ಮೇಲೆ ನಿಜವಾದ ಆಳವನ್ನು ಕೊಡುತ್ತದೆ. ಬೆರಳಿನ ದಪ್ಪದ ಪದರ ತಳದ ಕಲ್ಲನ್ನೂ ತೋರಿಸುತ್ತದೆ, ಮೇಲಿನ ದೀಪವನ್ನೂ ಪ್ರತಿಫಲಿಸುತ್ತದೆ.

ತೊಡಕುಗಳು ಹುಟ್ಟುವುದೂ ಇಲ್ಲಿಯೇ, ಮತ್ತು ಅವು ಬಹುಪಾಲು ಆತುರದ ಮಕ್ಕಳು. ನಮ್ಮ ಕಾರ್ಯಾಗಾರಗಳ ಅನೇಕ ಕೆಲಸಗಾರರು ಫೈಬರ್ ಗ್ಲಾಸ್ ಕೆಲಸದಿಂದ ಬಂದವರು. ಅವರ ಕೈಗೆ ಒಗ್ಗಿದ್ದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ವೇಗವರ್ಧಕದ ಹನಿಗಳನ್ನು ಮಿತಿಯೊಳಗೆ ತುಸು ಹೆಚ್ಚಿಸಿದರೆ ಬೇಗ ಗಟ್ಟಿಯಾಗುತ್ತದೆ. ಈ ಅಭ್ಯಾಸವನ್ನು ಎಪಾಕ್ಸಿಗೆ ತಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ಎಪಾಕ್ಸಿಯ ಎರಡು ದ್ರವಗಳು ನಿಗದಿತ ಪ್ರಮಾಣದಲ್ಲಿ ಒಂದರೊಡನೊಂದು ಕೂಡಿಯೇ ಗಟ್ಟಿಯಾಗಬೇಕು. ಹಾರ್ಡನರ್ ಹೆಚ್ಚಾದರೆ ಹೆಚ್ಚಾದ ಅಂಶ ಜೊತೆ ಸಿಗದೆ ಉಳಿಯುತ್ತದೆ, ಮೇಲ್ಮೈ ತಿಂಗಳುಗಟ್ಟಲೆ ಬೆರಳಿಗೆ ಅಂಟುತ್ತದೆ. ಡಬ್ಬಿಯ ಮೇಲೆ ತೂಕದ ಪ್ರಮಾಣ ಬರೆದಿದ್ದರೆ ತೂಗಿಯೇ ಹಾಕಬೇಕು, ಅಳತೆಯ ಲೋಟದ ಪ್ರಮಾಣ ಬರೆದಿದ್ದರೆ ಅಳೆದೇ ಹಾಕಬೇಕು. ಒಂದರ ಬದಲಿಗೆ ಇನ್ನೊಂದು ನಡೆಯದು. ಪಾಲಿಯೆಸ್ಟರ್ ಕೂಡ ಸಾಧುವಲ್ಲ. ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ. ಥರ್ಮೋಕೋಲಿನ ಬೆಟ್ಟದ ನಡುವೆ ಪಾಲಿಯೆಸ್ಟರಿನ ಕೆರೆ ಸುರಿದು, ಬೆಳಗಾಗುವುದರೊಳಗೆ ಬೆಟ್ಟವೂ ಇಲ್ಲ ಕೆರೆಯೂ ಇಲ್ಲ ಎಂಬ ಸ್ಥಿತಿ ಈ ವೃತ್ತಿಯಲ್ಲಿ ಹೊಸಬರಿಗೆ ಆಗುವ ಮೊದಲ ಪಾಠ.

ಕಾಲದ ಪ್ರಶ್ನೆ ಇನ್ನೂ ಕಠಿಣ. ರೆಸಿನ್ ಗಟ್ಟಿಯಾಗುವಾಗ ಶಾಖವನ್ನು ಹೊರಹಾಕುತ್ತದೆ. ತೆಳುಪದರದಲ್ಲಿ ಈ ಶಾಖ ಗಾಳಿಗೆ ಸೇರಿಹೋಗುತ್ತದೆ. ದಪ್ಪವಾಗಿ ಸುರಿದರೆ ಒಳಗೇ ಉಳಿದು ಬಿರುಕು, ಹಳದಿ, ಗುಳ್ಳೆಗಳನ್ನು ತರುತ್ತದೆ. ತೆಳುಪದರಕ್ಕೆಂದು ತಯಾರಾದ ರೆಸಿನ್‌ನಲ್ಲಿ ಹನ್ನೆರಡು ಮಿಲಿಮೀಟರಿನ ಕೆರೆಯನ್ನು ಮೂರು ಮಿಲಿಮೀಟರಿನ ನಾಲ್ಕು ಪದರಗಳಲ್ಲಿ, ದಿನಕ್ಕೊಂದರಂತೆ ಹೊಯ್ಯಬೇಕಾದರೆ ಹೊಯ್ಯುವುದಕ್ಕೇ ನಾಲ್ಕು ದಿನಗಳಾಯಿತು. ಪೂರ್ಣ ಗಡಸುತನ ಬರಲು ಸಾಮಾನ್ಯವಾಗಿ ಇನ್ನೂ ಒಂದು ವಾರ ಬೇಕು. ಅದಕ್ಕೂ ಮೊದಲು ತಳದ ಪ್ಲೈವುಡ್ಡಿಗೂ ಪ್ಲಾಸ್ಟರಿಗೂ ತೆಳ್ಳನೆಯ ಲೇಪ ಕೊಟ್ಟು ರಂಧ್ರಗಳನ್ನು ಮುಚ್ಚಬೇಕು. ಇಲ್ಲದಿದ್ದರೆ ಮರದೊಳಗಿನ ಗಾಳಿ ರಾತ್ರಿಯಿಡೀ ಗುಳ್ಳೆಗಳಾಗಿ ಮೇಲೇಳುತ್ತದೆ. ಮಳೆಗಾಲದ ತೇವದಲ್ಲಿ ಮೇಲ್ಮೈಗೆ ಜಿಡ್ಡಿನಂತಹ ಬಿಳಿ ಮಸುಕು ಕಟ್ಟುವುದುಂಟು. ಆಷಾಢದಲ್ಲಿ ಮಂಗಳೂರಿನಲ್ಲಿ ಹೊಯ್ದ ಕೆರೆ, ಮಾಘದಲ್ಲಿ ಕಲಬುರಗಿಯಲ್ಲಿ ಹೊಯ್ದ ಕೆರೆಯಂತೆ ಇರುವುದಿಲ್ಲ. ಕೈಗವಸು ತೊಡಿಸದೆ, ಕಿಟಕಿ ತೆರೆಯದೆ ಈ ಕೆಲಸ ಮಾಡಿಸುವ ಮಾಲೀಕರಿಗೆ ಒಂದು ಮಾತು: ಗಟ್ಟಿಯಾಗದ ಎಪಾಕ್ಸಿಯಿಂದ ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದ ಕೆಲಸಗಾರ ಮತ್ತೆ ಆ ಕೆಲಸಕ್ಕೆ ಬರಲಾರ.

ಅನಂತರ ಬರುವುದು ಅಳತೆಯ ಪ್ರಶ್ನೆ. ದಡದಲ್ಲಿ, ಕಲ್ಲಿನ ಸುತ್ತ, ದೋಣಿಯ ಬದಿಯಲ್ಲಿ ರೆಸಿನ್ ತಾನಾಗಿ ಎರಡು ಮೂರು ಮಿಲಿಮೀಟರ್ ಮೇಲೇರುತ್ತದೆ. 1:100ರಲ್ಲಿ ಅದು ಒಂದಡಿ ಎತ್ತರದ ನೀರಿನ ಗೋಡೆ. ಅದನ್ನು ಮರಳಿನ ಬಣ್ಣದಿಂದಲೋ ಹೊಳಪಿಲ್ಲದ ವಾರ್ನಿಷ್‌ನಿಂದಲೋ ಮರೆಸಬೇಕು. ಅಲೆಗಳ ವಿಷಯದಲ್ಲಂತೂ ವಿವೇಕ ಕಳೆದುಹೋಗಿದೆ. ಗಾಳಿ ಬೀಸಿದಾಗ ಊರಿನ ಕೆರೆಯಲ್ಲಿ ಏಳುವ ಐದು ಸೆಂಟಿಮೀಟರಿನ ತೆರೆ 1:200ರ ಮಾದರಿಯಲ್ಲಿ ಮಿಲಿಮೀಟರಿನ ಕಾಲುಭಾಗ ಮಾತ್ರ. ಮಾರುಕಟ್ಟೆಯಲ್ಲಿ ಸಿಗುವ ಉಬ್ಬುತಗ್ಗಿನ ಹಾಳೆಯಲ್ಲಿ ಮೂರು ಮಿಲಿಮೀಟರಿನ ಏರಿಳಿತವಿದ್ದರೆ ಅದು ಅರವತ್ತು ಸೆಂಟಿಮೀಟರಿನ ಅಲೆ. ಅಂತಹ ಅಲೆಗಳೇಳುವ ಕೆರೆಯ ದಡದಲ್ಲಿ ಮಕ್ಕಳ ಉದ್ಯಾನವನ್ನು ತೋರಿಸುವುದು ಬಿಲ್ಡರ್ ಮಹಾಶಯರಿಗೆ ಶೋಭೆ ತರುವುದೇ?

ಇಷ್ಟೆಲ್ಲ ಬಲ್ಲ ಕುಶಲಕರ್ಮಿಗಳು ಇಲ್ಲದಿಲ್ಲ. ಆದರೂ ನೀಲಿ ಹಾಳೆಯೇ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರ ಕಾರಣ ಅವರ ಕೈಯಲ್ಲಿಲ್ಲ, ವ್ಯವಹಾರದ ಕ್ರಮದಲ್ಲಿದೆ. ಮಾದರಿಗೆ ದರ ಕಟ್ಟುವುದು ಅನೇಕ ಕಡೆ ಚದರಡಿಯ ಲೆಕ್ಕದಲ್ಲಿ. ಹತ್ತು ಅಂತಸ್ತಿನ ಗೋಪುರ ನಿಂತ ಚದರಡಿಗೂ, ಕೆರೆ ಇರುವ ಚದರಡಿಗೂ ಒಂದೇ ದರವೆಂದಾಗ, ಖರೀದಿ ವಿಭಾಗದ ದೃಷ್ಟಿಯಲ್ಲಿ ಕೆರೆ ಖಾಲಿ ಜಾಗ; ಅಲ್ಲಿಯೇ ದರ ಕಡಿತದ ಚೌಕಾಶಿ ನಡೆಯುತ್ತದೆ. ಕೆಲಸದ ಸರದಿಯಲ್ಲಿಯೂ ನೀರು ಕೊನೆಯದು. ಕಟ್ಟಡದ ನಕ್ಷೆ ಎರಡು ಬಾರಿ ಬದಲಾಗಿ, ಹೊರಗೋಡೆಯ ಬಣ್ಣಕ್ಕೆ ಒಪ್ಪಿಗೆ ತಡವಾಗಿ, ಉದ್ಘಾಟನೆಗೆ ಮೂರು ದಿನ ಉಳಿದಾಗ ಕೆರೆಯ ನೆನಪಾಗುತ್ತದೆ. ಮೂರು ದಿನಗಳಲ್ಲಿ ಆಗುವ ಕೆರೆ ಹಾಳೆಯ ಕೆರೆ ಮಾತ್ರ. ಇದಕ್ಕೆ ಹಣ ಪಾವತಿಯ ವಿಳಂಬವೂ ಕೂಡಿಕೊಳ್ಳುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆ ಇಂತಹ ಘಟಕಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು ವಿಧಿಸಿದೆ, ತಡವಾದರೆ ಚಕ್ರಬಡ್ಡಿಯನ್ನೂ ಹೇಳಿದೆ. ಆದರೆ ನಾಲ್ಕೈದು ಜನರ ಕಾರ್ಯಾಗಾರದ ಯಜಮಾನ ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯದಿಂದ ಆ ಬಡ್ಡಿಯನ್ನು ಕೇಳುವ ಧೈರ್ಯ ಮಾಡುವುದು ವಿರಳ. ದುಬಾರಿ ರೆಸಿನ್ ಖರೀದಿಸಿ, ಹತ್ತು ದಿನ ಮೇಜನ್ನು ತಡೆಹಿಡಿದು, ಹಣಕ್ಕೆ ಆರು ತಿಂಗಳು ಕಾಯುವುದಕ್ಕಿಂತ ಹಾಳೆ ಅಂಟಿಸುವುದೇ ಲೇಸೆಂದು ಅವನು ನಿರ್ಧರಿಸಿದರೆ ಅವನನ್ನು ದೂರುವಂತಿಲ್ಲ.

ಉದ್ಯಮಿಗಳ ಕಡೆಯಿಂದ ಒಂದು ಪ್ರತಿವಾದ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ರಾಹಕನಿಗೆ ನೀಲಿಯೇ ಬೇಕು, ಕಂದು ನೀರನ್ನು ತೋರಿಸಿದರೆ ಕೊಳಕೆಂದು ಮುಖ ತಿರುಗಿಸುತ್ತಾನೆ, ಮಾದರಿಯೆಂಬುದು ಛಾಯಾಚಿತ್ರವಲ್ಲ, ಸಂಕೇತ ಎಂಬುದು ಅವರ ವಾದ. ಭೂಪಟದಲ್ಲಿ ನೀರಿಗೆ ನೀಲಿ ಬಳಿಯುವುದನ್ನು ಯಾರೂ ಆಕ್ಷೇಪಿಸುವುದಿಲ್ಲ, ನಿಜ. ಬಿಳಿ ಬೋರ್ಡಿನಲ್ಲಿ ಮಾಡಿದ ಸರಳ ಮಾದರಿಯಲ್ಲಿ ನೀಲಿ ತುಂಡೂ ಸಂಕೇತವಾಗಿಯೇ ಉಳಿಯುತ್ತದೆ. ಆದರೆ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಯವರೆಗೂ ವಿವರ ತೋರಿಸಿದ ಮಾದರಿಯಲ್ಲಿ ನೀರೊಂದೇ ಸಂಕೇತವೆಂದರೆ ನೋಡುವವನು ಹಾಗೆ ತಿಳಿಯುವುದಿಲ್ಲ; ಅದನ್ನು ವಾಗ್ದಾನವೆಂದು ತಿಳಿಯುತ್ತಾನೆ. ಬೆಂಗಳೂರಿನ ಗ್ರಾಹಕನಿಗೆ ಕೆರೆಯ ಬಣ್ಣ ಗೊತ್ತಿಲ್ಲವೆಂದು ಭಾವಿಸುವ ಕಾಲವೂ ಕಳೆಯಿತು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಬಂದುದನ್ನೂ, 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡುದನ್ನೂ ಅವನು ಕಂಡಿದ್ದಾನೆ. ಅಂತಹವನ ಮುಂದೆ ಹೊಳೆಯುವ ನೀಲಿಯನ್ನಿಟ್ಟರೆ ಅವನು ಕಟ್ಟಡದ ಉಳಿದ ವಿವರಗಳನ್ನೂ ಅನುಮಾನದಿಂದಲೇ ನೋಡುತ್ತಾನೆ.

ಕಾನೂನಿನ ದೃಷ್ಟಿಯೂ ಬದಲಾಗಿದೆ. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯ 12ನೆಯ ಪ್ರಕರಣದಂತೆ, ಜಾಹೀರಾತು ಅಥವಾ ವಿವರಣಪತ್ರವನ್ನಾಗಲಿ, ಮಾದರಿ ಮನೆ, ನಿವೇಶನ ಅಥವಾ ಕಟ್ಟಡವನ್ನಾಗಲಿ ನಂಬಿ ಹಣ ಕೊಟ್ಟವನಿಗೆ ಅದರಲ್ಲಿನ ಸುಳ್ಳು ವಿವರದಿಂದ ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕು. ಗಾಜಿನ ಪೆಟ್ಟಿಗೆಯ ಮಾದರಿ ಈ ಮಾತಿನೊಳಗೆ ಎಷ್ಟರಮಟ್ಟಿಗೆ ಬರುತ್ತದೆಂಬುದನ್ನು ವಕೀಲರು ವಾದಿಸಿಕೊಳ್ಳಲಿ. ಅದರ ಚಿತ್ರವನ್ನು ಕರಪತ್ರದಲ್ಲಿ ಅಚ್ಚುಹಾಕಿಸಿದ ಮೇಲಂತೂ ಅದು ಜಾಹೀರಾತೇ. ಕೆರೆಯಂಚಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಬಿಡಬೇಕೆಂದಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್ ಮಾಡಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಬದಿಗಿರಿಸಿತು. ಅಂತರ ಯಾವುದೇ ಇರಲಿ, 1:200ರ ಮಾದರಿಯಲ್ಲಿ 30 ಮೀಟರೆಂದರೆ 15 ಸೆಂಟಿಮೀಟರ್. ಹಾಳೆಯನ್ನು ಕಣ್ಣಳತೆಯಲ್ಲಿ ಕತ್ತರಿಸಿ ಗೋಪುರದ ಬುಡಕ್ಕೆ ತಾಗಿಸಿದವರು ಆ 15 ಸೆಂಟಿಮೀಟರನ್ನು ನುಂಗಿದ್ದಾರೆ.

ಸರ್ಕಾರಿ ಮಾದರಿಗಳೂ ಈ ಮಾತಿಗೆ ಹೊರತಲ್ಲ. ರೆಸಿನ್ ಸುರಿದಾಗ ನೀರಿನ ಮಟ್ಟ ನಿಶ್ಚಯವಾಗಿಬಿಡುತ್ತದೆ. ಕೃಷ್ಣರಾಜಸಾಗರದ 124.80 ಅಡಿಯ ಅಂಕಿಯನ್ನು ಮಂಡ್ಯ, ಮೈಸೂರಿನ ರೈತ ದಿನಪತ್ರಿಕೆಯಲ್ಲಿ ಮೊದಲು ನೋಡುತ್ತಾನೆ. 124.80 ಅಡಿಗೂ 90 ಅಡಿಗೂ ಇರುವ ಅಂತರ 1:100ರ ಮಾದರಿಯಲ್ಲಿ ಹತ್ತು ಸೆಂಟಿಮೀಟರಿಗೂ ಹೆಚ್ಚು. ತುಂಬಿದ ಜಲಾಶಯವೋ ಬೇಸಿಗೆಯ ಜಲಾಶಯವೋ ಎಂಬುದು ದೂರದಿಂದಲೇ ತಿಳಿಯುತ್ತದೆ. ಆಲಮಟ್ಟಿಯ ಮಾದರಿಯನ್ನು 519.60 ಮೀಟರಿಗೆ ತುಂಬಬೇಕೋ, 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಅನುಮತಿಸಿದ 524.256 ಮೀಟರಿಗೆ ತುಂಬಬೇಕೋ ಎಂಬ ಪ್ರಶ್ನೆಯನ್ನು ಕಾರ್ಯಾಗಾರದ ಹುಡುಗನ ಲೋಟಕ್ಕೆ ಬಿಡುವುದು ಸಲ್ಲದು. 1:200ರಲ್ಲಿ ಇವೆರಡರ ನಡುವೆ ಎರಡು ಸೆಂಟಿಮೀಟರಿಗೂ ಹೆಚ್ಚು ರೆಸಿನ್ ಇದೆ, ಆ ರೆಸಿನ್‌ನ ಅಡಿಯಲ್ಲಿ ಹಳ್ಳಿಗಳಿವೆ.

ಪರಿಹಾರಕ್ಕೆ ಹೊಸ ಯಂತ್ರವಾಗಲಿ ಸರ್ಕಾರದ ಸಹಾಯಧನವಾಗಲಿ ಬೇಕಿಲ್ಲ. ಆರ್ಡರ್ ಬರೆಯುವ ಕ್ರಮ ಬದಲಾದರೆ ಸಾಕು. ಈಗಿನ ಕೊಟೇಶನ್‌ಗಳಲ್ಲಿ ಮರಗಳ ಸಂಖ್ಯೆ, ದೀಪಗಳ ಸಂಖ್ಯೆ, ಕಾರುಗಳ ಸಂಖ್ಯೆ ಇರುತ್ತವೆ, ನೀರಿಗೆ ಒಂದು ಸಾಲೂ ಇರುವುದಿಲ್ಲ. ಅದಕ್ಕೆ ಪ್ರತ್ಯೇಕ ಬಾಬು ಬರಬೇಕು, ಚದರಡಿಯ ದರದಿಂದ ಅದು ಹೊರಗುಳಿಯಬೇಕು. ಆ ಬಾಬಿನಲ್ಲಿ ಯಾವ ಸ್ಥಳದ, ಯಾವ ತಿಂಗಳ ನೀರು ಎಂಬುದನ್ನು ಬರೆಯಬೇಕು. ಆಗಸ್ಟ್ ತಿಂಗಳ ಕಾವೇರಿ ಕೆಂಗಂದು. ಫೆಬ್ರವರಿಯ ಕೆರೆಯಲ್ಲಿ ನೀರು ಹಿಂದೆ ಸರಿದು ಅಂಗಳ ಬಿರುಕು ಬಿಟ್ಟಿರುತ್ತದೆ. ಮಳೆಗಾಲದ ಅಳಿವೆಯಲ್ಲಿ ಹೊಳೆಯ ಕೆಸರುನೀರೂ ಕಡಲಿನ ಹಸಿರೂ ಕೂಡುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ಬರೆದ ಆರ್ಡರ್ ಬಂದರೆ ಕಾರ್ಯಾಗಾರದವರು ಸ್ಥಳಕ್ಕೆ ಹೋಗಿ ನೋಡಿಬರಲೇಬೇಕಾಗುತ್ತದೆ, ಆ ಒಂದು ದಿನದ ಕೂಲಿಯೂ ಬಾಬಿನಲ್ಲಿ ಸೇರಬೇಕು. ಜೋಗವನ್ನು ತೋರಿಸಬೇಕಾದ ಪ್ರವಾಸೋದ್ಯಮದ ಮಳಿಗೆಯೂ ಮಾರ್ಚ್ ತಿಂಗಳ ತೆಳುಧಾರೆಯನ್ನೋ ಜುಲೈನ ಭೋರ್ಗರೆತವನ್ನೋ ಮೊದಲೇ ಹೇಳಲಿ. ಮೊದಲನೆಯದಕ್ಕೆ ಪಾರದರ್ಶಕ ಸಿಲಿಕೋನನ್ನು ಹಾಳೆಯ ಮೇಲೆ ಎಳೆಎಳೆಯಾಗಿ ಎಳೆದು, ಒಣಗಿದ ಮೇಲೆ ಬಿಡಿಸಿ ಬಂಡೆಗೆ ತೂಗುಹಾಕಿದರೆ ಸಾಕಾಗುತ್ತದೆ. ಎರಡನೆಯದಕ್ಕೆ ಅದರ ಮೇಲೆ ಹತ್ತಿಯ ನಾರನ್ನು ಹಿಂಜಿ ಮಂಜಿನಂತೆ ಹರಡಬೇಕು.

ಕಟ್ಟಡದ ನಕ್ಷೆಗೆ ಅಂತಿಮ ಒಪ್ಪಿಗೆ ಸಿಗುವವರೆಗೆ ಕೆರೆ ಕಾಯಬೇಕಾಗಿಲ್ಲ ಎಂಬುದೂ ಗಮನಾರ್ಹ. ಕೆರೆ ಕಟ್ಟಡಕ್ಕಿಂತ ಮೊದಲೇ ಅಲ್ಲಿತ್ತು, ಅದರ ಗಡಿ ಬದಲಾಗುವುದಿಲ್ಲ. ತಳದ ಹಲಗೆಯಲ್ಲಿ ಕೆರೆಯನ್ನು ಮೊದಲು ಹೊಯ್ದು, ಧೂಳು ಬೀಳದಂತೆ ಮುಚ್ಚಿಟ್ಟು, ಗೋಪುರಗಳ ಬಣ್ಣದ ಬಗ್ಗೆ ಚರ್ಚೆ ಮುಗಿಯುವಷ್ಟರಲ್ಲಿ ಅದು ತಾನಾಗಿ ಗಟ್ಟಿಯಾಗಿರುತ್ತದೆ.

ಮಾದರಿ ಕೈಸೇರಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬಿಸಿಲು ಬೀಳುವ ಕಡೆ ಇಟ್ಟ ರೆಸಿನ್ ಕ್ರಮೇಣ ಹಳದಿಯಾಗುತ್ತದೆ. ಅದೇ ದಿನ, ಅದೇ ಬಟ್ಟಲಿನಿಂದ ಅಂಗೈಯಗಲದ ಒಂದು ಬಿಲ್ಲೆಯನ್ನೂ ಹೊಯ್ದು, ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ ಮಾದರಿಯ ಪಕ್ಕದಲ್ಲಿಯೇ ಇಟ್ಟಿದ್ದರೆ, ವರ್ಷಕ್ಕೊಮ್ಮೆ ಕಾಗದ ತೆಗೆದು ಎರಡು ಭಾಗಗಳನ್ನು ಹೋಲಿಸಿ ನೋಡಬಹುದು. ಬಣ್ಣದಲ್ಲಿ ವ್ಯತ್ಯಾಸ ಕಂಡಾಗ ಮೇಲ್ಮೈಯನ್ನು ನಯವಾದ ಉಜ್ಜುಕಾಗದದಿಂದ ತೀಡಿ ಹೊಸ ತೆಳುಪದರವೊಂದನ್ನು ಕೊಡಬೇಕಾಗುತ್ತದೆ. ಆ ದುರಸ್ತಿಯ ಖರ್ಚು ಯಾರದು, ಎಷ್ಟು ವರ್ಷಗಳವರೆಗೆ ಎಂಬುದನ್ನು ಆರ್ಡರ್‌ನ ಅದೇ ಬಾಬಿನ ಕೆಳಗೆ ಮೊದಲೇ ಬರೆದಿಡತಕ್ಕದ್ದು.